ಊರಿನ ಮಾತ್ರೆ

ನನಗೆ ಗುಣವಾಗಿದೆ ಎಂದು ಎರಡು ಸಲ ಹೇಳಿದ್ದಾರೆ. ಮೊದಲ ಸಲ ನಾನು ನಂಬಿದೆ, ಮನೆಯವರೂ ನಂಬಿದರು, ದುಬೈಯ ನಮ್ಮ ಕಟ್ಟಡದಲ್ಲಿದ್ದ ಊರಿನವರೆಲ್ಲ ಬಂದು ಪಾಯಸ ಉಂಡು ಹೋದರು. ಎರಡನೆಯ ಸಲ ಹೇಳಿದಾಗ ನಾನು ಡಾಕ್ಟರರ ಮುಖವನ್ನೇ ನೋಡುತ್ತ ಕುಳಿತೆ. ಗುಣ ಅಂದರೆ ಎಷ್ಟು ಸಮಯಕ್ಕೆ ಎಂದು ಕೇಳಿದೆ. ಅವರು ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ.

ಇದನ್ನು ಬರೆಯುತ್ತಿರುವುದು ಯಾರಿಗೂ ಧೈರ್ಯ ಹೇಳಲಿಕ್ಕಲ್ಲ. ಧೈರ್ಯ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಹೇಳಿ ಚಾ ಕುಡಿದು ಎದ್ದು ಹೋಗುತ್ತಾರೆ. ಹೃದಯದ ಕವಾಟಕ್ಕೆ ಸೋಂಕು ತಗುಲಿದರೆ ಜ್ವರ ಬಿಟ್ಟು ವರ್ಷಗಳಾದ ಮೇಲೂ ಅದು ತಿರುಗಿ ಬಂದು ಬಾಗಿಲು ತಟ್ಟುತ್ತದೆ, ಅದಕ್ಕೆ ವಯಸ್ಸಾಗಿರಬೇಕೆಂದೇನೂ ಇಲ್ಲ ಎಂಬುದನ್ನು ನನಗೆ ಯಾರೂ ಅರ್ಥವಾಗುವ ಹಾಗೆ ಹೇಳಲಿಲ್ಲ. ಹೃದಯದ ವಿಭಾಗದ ಕಾಯುವ ಕೋಣೆಯಲ್ಲಿ ನನ್ನ ವಯಸ್ಸಿನವರನ್ನು ಹುಡುಕುತ್ತಿದ್ದೆ. ಸಿಕ್ಕವರೆಲ್ಲ ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಬಂದವರು. ಒಂದು ಸಲ ನರ್ಸ್ ಬಂದು, "ಪೇಶಂಟ್ ಎಲ್ಲಿ, ಟಾಯ್ಲೆಟ್‌ಗೆ ಹೋಗಿದ್ದಾರಾ?" ಎಂದು ನನ್ನನ್ನೇ ಕೇಳಿದಳು. ಅಂಥ ಕುರ್ಚಿಯಲ್ಲಿ ಕುಳಿತ ಯಾರಾದರೂ ಒಬ್ಬರು ಇದನ್ನು ಓದಿದರೆ ನನಗೆ ಸಾಕು.

ಶುರುವಾದದ್ದು ಹಲ್ಲಿನಿಂದ. ಗಲ್ಫಿನಲ್ಲಿರುವ ನಮ್ಮವರಿಗೆ ಹಲ್ಲು ಅಂದರೆ ಊರಿನ ಕೆಲಸ. ನೋವು ಬಂದರೆ ಲವಂಗ ಕಚ್ಚಿಕೊಂಡು ರಜೆಯ ತನಕ ತಳ್ಳುವುದು, ಊರಿಗೆ ಹೋದ ಮೇಲೆ ಮದುವೆ, ಪೂಜೆ, ನೆಂಟರ ಮನೆ ಊಟಗಳ ಸಂದಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಕೀಳಿಸಿ, ತುಂಬಿಸಿ, ಮುಗಿಸಿಕೊಂಡು ಬರುವುದು. ಮದುವೆಯಾದ ಮರುವರ್ಷ ನಾನೂ ಹಾಗೇ ಮಾಡಿದೆ. ಉಡುಪಿಯಲ್ಲಿ ಒಂದು ದವಡೆ ಹಲ್ಲು ಕೀಳಿಸಿ, ಅದರ ಪಕ್ಕದ್ದಕ್ಕೆ ರೂಟ್ ಕೆನಾಲ್ ಮಾಡಿಸಿ, ಕೆನ್ನೆ ಊದಿಕೊಂಡೇ ವಿಮಾನ ಹತ್ತಿದೆ. ಇನ್ನೊಮ್ಮೆ ಬಂದು ತೋರಿಸಿ ಎಂದು ಹಲ್ಲಿನ ಡಾಕ್ಟರು ಹೇಳಿದ್ದರು. ತೋರಿಸುವ ಹೊತ್ತಿಗೆ ನಾನು ದುಬೈಯ ಡೇರಾದ ಹೋಟೆಲಿನ ರಿಸರ್ವೇಶನ್ ಡೆಸ್ಕಿನಲ್ಲಿ ಕುಳಿತು ಅತಿಥಿಗಳಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದೆ.

ಇನ್ನೊಂದು ಊರಿನ ಪದ್ಧತಿ ನಮ್ಮ ಸೂಟ್‌ಕೇಸಿನಲ್ಲೇ ಬಂದಿತ್ತು. ಬಟ್ಟೆ ಅಂಗಡಿಯವರು ಸೀರೆ ಹಾಕಿ ಕೊಡುವ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಅದರ ತುಂಬ ಅತ್ತೆ ಮಾತ್ರೆ ಕಟ್ಟಿಕೊಡುತ್ತಾರೆ. ಜ್ವರಕ್ಕೆ, ಭೇದಿಗೆ, ಗಂಟಲಿಗೆ, ಗ್ಯಾಸಿಗೆ. ಜೊತೆಗೆ ಪರಿಚಯದ ಮೆಡಿಕಲ್‌ನವರು ಚೀಟಿ ಕೇಳದೆ ಕೊಟ್ಟ ಕೆಂಪು-ಹಳದಿ ಕ್ಯಾಪ್ಸೂಲುಗಳು. ಉಪ್ಪಿನಕಾಯಿ, ಹಪ್ಪಳದ ಹಾಗೆ ಅದೂ ಪ್ರೀತಿಯ ಸಾಮಾನು. ಕಟ್ಟಡದಲ್ಲಿ ಯಾರಿಗೆ ಏನಾದರೂ, "ಊರಿನ ಮಾತ್ರೆ ಉಂಟಾ?" ಎಂದು ಬಾಗಿಲು ತಟ್ಟುತ್ತಾರೆ. ಇದ್ದವರು ಕೊಡುತ್ತಾರೆ. ಕೊಡದಿದ್ದರೆ ಅದು ಜಿಪುಣತನ.

ರಜೆಯಿಂದ ಬಂದು ಕೆಲವು ವಾರಗಳಲ್ಲಿ ನನಗೆ ಜ್ವರ ಶುರುವಾಯಿತು. ಆಗ ನಾವು ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ ಒಂದೇ ಕೋಣೆಯ ಸ್ಟುಡಿಯೋ ಫ್ಲಾಟಿನಲ್ಲಿದ್ದೆವು. ನನ್ನ ಗಂಡ ಸಂತೋಷ್ ರಾಸ್ ಅಲ್ ಖೋರ್‌ನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಅವರೇ ಚೀಲ ತೆಗೆದು ಕ್ಯಾಪ್ಸೂಲ್ ಕೈಗಿಟ್ಟರು.

"ಇಲ್ಲಿಯ ಡಾಕ್ಟ್ರ ಹತ್ರ ಹೋದ್ರೆ ನೀರು ಕುಡೀರಿ, ರೆಸ್ಟ್ ಮಾಡಿ ಅಂತ ಕಳಿಸ್ತಾರೆ. ನಮ್ಮ ಊರಿನ ಮಾತ್ರೆ ಒಂದೇ ದಿನದಲ್ಲಿ ಕೆಲಸ ಮಾಡ್ತದೆ."

ಮಾಡಿತು. ಜ್ವರ ಬಿಟ್ಟಿತು, ಮುಂದಿನ ವಾರ ತಿರುಗಿ ಬಂತು. ಮತ್ತೆ ಕ್ಯಾಪ್ಸೂಲ್, ಮತ್ತೆ ಬಿಟ್ಟಿತು, ಮತ್ತೆ ಬಂತು. ಎಸಿಯಿಂದ ಅಂದರು, ಧೂಳಿನಿಂದ ಅಂದರು, ದೃಷ್ಟಿ ತೆಗೆಯಿರಿ ಅಂದರು. ಸಂಜೆಯಾದರೆ ಬೆವರಿ ನೆನೆದು ಮುದ್ದೆಯಾಗುತ್ತಿದ್ದೆ, ಊಟ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಲವೀನಾ ಬಾಯಿ ಮಂಗಳೂರಿನವರು, ಕ್ಲಿನಿಕ್ ಒಂದರಲ್ಲಿ ನರ್ಸ್. ಒಂದು ದಿನ ನನ್ನನ್ನು ನೋಡಿ, "ಶ್ವೇತಾ, ನೀನು ಕನ್ನಡಿ ನೋಡಿ ಎಷ್ಟು ದಿನ ಆಯ್ತು? ಎದ್ದು ಬಟ್ಟೆ ಬದಲಿಸು, ಆಸ್ಪತ್ರೆಗೆ ಹೋಗುವ" ಎಂದವರೇ ಟ್ಯಾಕ್ಸಿ ಕರೆದರು.

ದಾಖಲು ಮಾಡುವಾಗ ನನಗೆ ಮೈಮೇಲೆ ಎಚ್ಚರವಿರಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು. ಲವೀನಾ ಬಾಯಿ ಡ್ಯೂಟಿಗೆ ಹೋಗಿಯಾಗಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು ಅಂಗಡಿಯಿಂದ ಓಡಿ ಬಂದ ಸಂತೋಷ್. ಆಂಟಿಬಯಾಟಿಕ್ ಏನಾದರೂ ತೆಗೆದುಕೊಂಡಿದ್ದಾರಾ ಎಂದು ಮಲಯಾಳಿ ಡಾಕ್ಟರು ಕೇಳಿದರು. ಸಂತೋಷ್ "ನೋ ಡಾಕ್ಟರ್, ನಥಿಂಗ್" ಎಂದರು. ಮರುದಿನ ಮತ್ತೆ ಕೇಳಿದರು. ಮತ್ತೆ ನಥಿಂಗ್. ನನ್ನ ರಕ್ತವನ್ನು ಬಾಟಲಿಗಳಲ್ಲಿ ಇಟ್ಟು ಯಾವ ಕ್ರಿಮಿ ಬೆಳೆಯುತ್ತದೆ ಎಂದು ಕಾದರು. ಏನೂ ಬೆಳೆಯಲಿಲ್ಲ. ಆಗ ಇನ್ನೊಂದು ಕಾಯಿಲೆ ಇರಬಹುದು, ಮತ್ತೊಂದು ಇರಬಹುದು ಎಂದು ನನ್ನನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ತಿರುಗಿಸಿದರು.

ನನಗೆ ಸ್ವಲ್ಪ ಮಾತಾಡಲಿಕ್ಕೆ ಆದ ದಿನ ಡಾಕ್ಟರು ಮಂಚದ ಪಕ್ಕ ಕುಳಿತು ಕೇಳಿದ ಪ್ರಶ್ನೆಯೇ ಬೇರೆ. ಹಿಂದಿಯಲ್ಲಿ ಕೇಳಿದರು: "ಊರಿಂದ ಬರುವಾಗ ಮಾತ್ರೆ ಚೀಲ ತಂದಿದ್ದೀರಲ್ಲ? ನನ್ನ ಅಮ್ಮನೂ ಕಟ್ಟಿಕೊಡ್ತಾರೆ. ಅದರಿಂದ ಏನೇನು ತಗೊಂಡ್ರಿ?"

ನಾನು ಹೇಳಿದೆ. ಕೆಂಪು-ಹಳದಿ ಕ್ಯಾಪ್ಸೂಲ್, ತಿಂಗಳ ಮೇಲಾಯಿತು, ಬಿಟ್ಟು ಬಿಟ್ಟು.

ಡಾಕ್ಟರು ಸಂತೋಷ್ ಕಡೆ ತಿರುಗಿದರು. ಸಂತೋಷ್ ಮುಖ ಸಣ್ಣದು ಮಾಡಿಕೊಂಡು, "ಅದು ಊರಿನ ಮಾತ್ರೆ ಅಲ್ವಾ ಡಾಕ್ಟ್ರೇ. ನೀವು ಕೇಳಿದ್ದು ಆಂಟಿಬಯಾಟಿಕ್" ಎಂದರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು. ಅವರ ಲೆಕ್ಕದಲ್ಲಿ ಅದು ನಿಜಕ್ಕೂ ಔಷಧವೇ ಆಗಿರಲಿಲ್ಲ, ಮನೆಯ ಸಾಮಾನು. ಡಾಕ್ಟರು ಸಿಟ್ಟು ಮಾಡಲಿಲ್ಲ. ಹಲ್ಲಿನ ಗಾಯದಿಂದ ರಕ್ತಕ್ಕೆ ಸೇರಿದ ಕ್ರಿಮಿಯನ್ನು ಆ ಮಾತ್ರೆ ಕೊಲ್ಲಲಿಲ್ಲ, ಅಡಗಿಸಿಟ್ಟಿತು, ಅದು ಅಡಗಿಕೊಂಡೇ ನನ್ನ ಹೃದಯದ ಕವಾಟ ತಿನ್ನುತ್ತ ಇತ್ತು ಎಂದು ಮೆಲ್ಲಗೆ ಹೇಳಿದರು. ಹುಟ್ಟಿನಿಂದ ಆ ಕವಾಟ ಸ್ವಲ್ಪ ಸಡಿಲ ಇದ್ದಿರಲೂಬಹುದು, ಅಂಥವರು ಅದು ಗೊತ್ತೇ ಆಗದೆ ಎಂಬತ್ತು ವರ್ಷ ಬದುಕುತ್ತಾರೆ ಎಂದೂ ಹೇಳಿದರು. ಆ ವಾಕ್ಯದ ಮೊದಲರ್ಧ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಆರು ವಾರ ಡ್ರಿಪ್. ಒಂದು ಕೈಯ ನರ ಬಾತರೆ ಇನ್ನೊಂದು ಕೈ. ಸಂತೋಷ್ ದಿನವೂ ಅಂಗಡಿಯಿಂದ ನೇರ ಬರುತ್ತಿದ್ದರು, ಗ್ರೀಸಿನ ವಾಸನೆಯ ಸಮೇತ. ನನ್ನ ಕೂದಲು ಗಂಟುಗಂಟಾದದ್ದನ್ನು ನೋಡಿ ಬಾಚಣಿಗೆ ತಂದು ಬಾಚಿದರು. ಬಾಚಲಿಕ್ಕೆ ಬರುತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ಎಳೆದರು, ಆದರೂ ನಾನು ಬೇಡ ಅನ್ನಲಿಲ್ಲ. ಲವೀನಾ ಬಾಯಿ ಕುಚ್ಚಲಕ್ಕಿ ಗಂಜಿ ತಂದು, ಬ್ಯಾಗಿನೊಳಗಿಂದ ಉಪ್ಪಿನಕಾಯಿ ತೆಗೆದು, "ಬೇಗ ತಿನ್ನು ಮಾರಾಯ್ತಿ, ನಾನೇ ನರ್ಸ್, ನನ್ನನ್ನೇ ಹೊರಗೆ ಹಾಕ್ತಾರೆ" ಎನ್ನುತ್ತಿದ್ದರು. ಆ ಆರು ವಾರಗಳಲ್ಲಿ ನನಗೆ ಯಾರ ಮೇಲೂ ಕೋಪ ಇರಲಿಲ್ಲ. ಸಂತೋಷ್ ಒಂದು ಸಲ ಬಾಯಿಬಿಟ್ಟು 'ಅವತ್ತು ನಾನು ಹೇಳಬೇಕಿತ್ತು' ಎಂದರೆ ಸಾಕು, ಅಲ್ಲಿಗೆ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಅವರು ಹೇಳಲಿಲ್ಲ. ಹೇಳುತ್ತಾರೆ, ಇನ್ನೂ ಗಾಬರಿಯಲ್ಲಿದ್ದಾರೆ ಎಂದುಕೊಂಡೆ.

ಬಿಡುಗಡೆಯಾಗುವಾಗ ಡಾಕ್ಟರು ಎರಡು ಮಾತು ಹೇಳಿದರು. ಸೋಂಕು ಪೂರ್ತಿ ಹೋಗಿದೆ. ಕವಾಟದಲ್ಲಿ ಸ್ವಲ್ಪ ಸೋರಿಕೆ ಉಳಿದಿದೆ, ವರ್ಷಕ್ಕೊಮ್ಮೆ ತಪ್ಪದೆ ಸ್ಕ್ಯಾನ್ ಮಾಡಿಸಬೇಕು. ಪಾಯಸ ಮಾಡಿದ್ದು ಮೊದಲನೆಯ ಮಾತಿಗೆ. ಎರಡನೆಯದರ ಬಗ್ಗೆ ಕೇಳಿದವರಿಗೆ ಸಂತೋಷ್ ನಗುತ್ತ, "ವಾಲ್ವ್ ಲೀಕ್ ನಮ್ಮಲ್ಲಿಗೆ ದಿನಾ ಬರ್ತದೆ. ಸ್ವಲ್ಪ ಲೀಕ್ ಆದ್ರೆ ಯಾರೂ ಎಂಜಿನ್ ಬಿಚ್ಚುವುದಿಲ್ಲ. ಖಲಾಸ್, ಮುಗೀತು" ಎನ್ನುತ್ತಿದ್ದರು. ಅತ್ತೆ ಊರಿನಲ್ಲಿ ಎಲ್ಲರಿಗೂ ಟೈಫಾಯ್ಡ್ ಎಂದು ಹೇಳಿ ಮುಗಿಸಿದ್ದರು.

ಒಂದು ವರ್ಷ ಸ್ಕ್ಯಾನ್ ಆಯಿತು. ಆಮೇಲೆ ಸಂತೋಷ್‌ಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿತು, ನಾನು ಹೋಟೆಲಿನ ಕೆಲಸ ಬಿಟ್ಟೆ, ಅಲ್ ಮೀನಾ ಹತ್ತಿರ ಮನೆ ಮಾಡಿದೆವು. ಹೊಸ ಜಾಗ, ಹೊಸ ಇನ್ಶೂರೆನ್ಸ್. ಸ್ಕ್ಯಾನ್ ಮಾಡಿಸಬೇಕಲ್ಲ ಎಂದರೆ ಸಂತೋಷ್, "ಊರಿಗೆ ಹೋದಾಗ ಮಾಡಿಸುವ" ಎಂದರು. ಹಲ್ಲಿನ ಪಕ್ಕದಲ್ಲಿ ಈಗ ಹೃದಯವೂ ಊರಿನ ಕೆಲಸವಾಯಿತು. ಊರಿಗೆ ಹೋದಾಗ ನಾನು ನೆನಪಿಸಿದೆ. ಅತ್ತೆ, "ಗುಣ ಆದದ್ದನ್ನು ಯಾಕೆ ಕೆದಕುವುದು? ನೀವಿಬ್ಬರೂ ಮೊದಲು ಮಗುವಿನ ವಿಚಾರ ನೋಡಿ" ಎಂದರು. ಸಂತೋಷ್ ಪೇಪರ್ ಓದುತ್ತಿದ್ದರು. ಓದುತ್ತಲೇ ಇದ್ದರು.

ಮಗುವಿನ ವಿಚಾರ ಆ ವರ್ಷವೇ ಆಯಿತು. ನನಗೆ ಎಷ್ಟು ಖುಷಿಯಾಗಿತ್ತೆಂದು ಈಗ ಬರೆಯಲಿಕ್ಕೆ ಹೊರಟರೆ ಕೈ ನಿಲ್ಲುತ್ತದೆ.

ಐದನೇ ತಿಂಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋಗಿದ್ದೆವು. ಬಂಗುಡೆ ಆರಿಸಿ, ಕೊಯ್ದು ಕೊಡುವವರ ಸಾಲಿನ ತನಕ ನಡೆದೆ. ಅಷ್ಟಕ್ಕೇ ಉಸಿರು ಸಿಗಲಿಲ್ಲ. ಬಾಯಿ ತೆರೆದು ನಿಂತುಬಿಟ್ಟೆ. ಮೀನು ಕೊಯ್ಯುವ ಬಂಗಾಲಿ ಮುದುಕ ಕತ್ತಿ ಬದಿಗಿಟ್ಟು, ಒಂದು ಕ್ರೇಟ್ ಕವುಚಿ, "ಬೈಠೋ ಬೇಟಿ" ಎಂದ. ಸಂತೋಷ್ ಮೀನಿನ ಚೀಲ ಹಿಡಿದು ಬಂದು, "ಬಸುರಿಯಲ್ಲಿ ಇದೆಲ್ಲ ಇದ್ದದ್ದೇ" ಎಂದರು. ಫೋನಿನಲ್ಲಿ ಅತ್ತೆಯೂ ಅದನ್ನೇ ಹೇಳಿದರು, ತನಗೂ ಹೀಗೇ ಆಗಿತ್ತಂತೆ. ಮಲಗಿದರೆ ಕೆಮ್ಮು ಬರುತ್ತಿತ್ತು. ಎರಡು ದಿಂಬು, ಆಮೇಲೆ ಮೂರು, ಕೊನೆಗೆ ಸೋಫಾದಲ್ಲಿ ಕುಳಿತೇ ನಿದ್ದೆ ಮಾಡಿದೆ. ನಮ್ಮ ಹೆಂಗಸರಿಗೆ ಬಸುರು ಅಂದರೆ ಎಲ್ಲವನ್ನೂ ಅದರ ಖಾತೆಗೆ ಹಾಕಿ ಬಾಯಿ ಮುಚ್ಚಿಕೊಂಡು ಸಹಿಸುವುದು ಅಂತ ಯಾರು ಕಲಿಸಿದರೋ.

ಪ್ರಸೂತಿ ವಿಭಾಗದಲ್ಲಿ ಈಜಿಪ್ಟಿನ ಡಾಕ್ಟರಮ್ಮ ನನ್ನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ಬೇಗ ತೆಗೆಯಲಿಲ್ಲ. ಹಿಂದೆ ಏನಾಗಿತ್ತು ಎಂದು ಕೇಳಿದರು. ಈ ಸಲ ನಾನು ಎಚ್ಚರದಲ್ಲಿದ್ದೆ. ಸಂತೋಷ್ ಬಾಯಿ ತೆರೆಯುವ ಮೊದಲೇ ಎಲ್ಲ ಹೇಳಿದೆ, ಹಲ್ಲಿನಿಂದ ಹಿಡಿದು. ಅವರು ಪೆನ್ನು ಕೆಳಗಿಟ್ಟು, "ಮತ್ತೆ ಇಷ್ಟು ದಿನ ಹಾರ್ಟ್ ಸ್ಕ್ಯಾನ್?" ಎಂದರು. ನಾನು ಸಂತೋಷ್ ಮುಖ ನೋಡಿದೆ. ಅವರು ಗೋಡೆಯ ಮೇಲಿದ್ದ ಮಗುವಿನ ಚಿತ್ರ ನೋಡುತ್ತಿದ್ದರು.

ಅಲ್ಲಿಂದ ನೇರ ಹೃದಯದ ವಿಭಾಗಕ್ಕೆ ಕಳಿಸಿದರು, ನರ್ಸ್ ಬಂದು ಪೇಶಂಟ್ ಎಲ್ಲಿ ಎಂದು ಕೇಳಿದ್ದು ಅವತ್ತೇ. ಸ್ಕ್ಯಾನ್ ಆದ ಮೇಲೆ ಮನೆಗೆ ಬಿಡಲಿಲ್ಲ. ಕವಾಟ ಮುಚ್ಚುವುದನ್ನೇ ಬಿಟ್ಟಿತ್ತು, ರಕ್ತ ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ನನ್ನನ್ನೂ ಮಗುವನ್ನೂ ಉಳಿಸಲು ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು, ಅವರ ಬಗ್ಗೆ ನನಗೆ ಒಂದು ಕೆಟ್ಟ ಮಾತಿಲ್ಲ. ಆರನೇ ತಿಂಗಳಲ್ಲಿ ಮಗು ತಾನಾಗಿ ಹೊರಟು ಬಂತು. ಹೆಣ್ಣು. ಸಂಜೆಯ ತನಕ ಇದ್ದಳು. ನಾನು ಐಸಿಯುನಲ್ಲಿದ್ದೆ, ಫೋನಿನಲ್ಲಿ ಫೋಟೋ ತೋರಿಸಿದರು. ಅವಳನ್ನು ಕಳಿಸಿಕೊಡಲು ಸಂತೋಷ್ ಒಬ್ಬರೇ ಹೋದರು. ಎಲ್ಲಿ, ಹೇಗೆ ಎಂದು ನಾನು ಇವತ್ತಿಗೂ ಕೇಳಿಲ್ಲ, ಅವರೂ ಹೇಳಿಲ್ಲ.

ಅದಾಗಿ ಕೆಲವು ತಿಂಗಳಲ್ಲಿ ಕವಾಟ ಬದಲಿಸುವ ಮಾತು ಬಂತು. ಆ ಸಮಯಕ್ಕೆ ಊರಿನಲ್ಲಿ ಕಥೆಯೂ ಬದಲಾಗಿತ್ತು. ಅತ್ತೆ ಯಾರಿಗೋ ಹೇಳುತ್ತಿದ್ದದ್ದು ವೀಡಿಯೊ ಕಾಲ್ ನಿಲ್ಲಿಸಲು ಮರೆತ ಕಾರಣ ನನ್ನ ಕಿವಿಗೆ ಬಿತ್ತು.

"ಹುಟ್ಟಿನಿಂದಲೇ ಅವಳ ಹಾರ್ಟ್ ವೀಕ್ ಅಂತೆ. ಡಾಕ್ಟ್ರೇ ಹೇಳಿದ್ದಂತೆ. ಅವರ ಮನೆಯವರು ನಮಗೆ ಹೇಳದೆ ಮದುವೆ ಮಾಡಿಕೊಟ್ರು. ನಮ್ಮ ಹುಡುಗನ ಹಣೆಬರಹ."

ಸಂತೋಷ್ ಪಕ್ಕದಲ್ಲೇ ಇದ್ದರು, ಅವರಿಗೂ ಕೇಳಿಸಿತು. ಫೋನ್ ತೆಗೆದುಕೊಂಡು ಆಫ್ ಮಾಡಿದರು.

"ಅದು ಹಾಗಲ್ಲ ಅಂತ ಹೇಳಿ" ಎಂದೆ.

"ಈಗ ಯಾಕೆ ಅದೆಲ್ಲ. ಅಮ್ಮನಿಗೆ ಬಿಪಿ ಉಂಟು."

ನನಗೆ ಕೋಪ ಬಂದದ್ದು ಆಗ. ಮಗು ಹೋದಾಗ ನಾನು ಅತ್ತು ಅತ್ತು ಕಣ್ಣೀರು ಬತ್ತಿತ್ತು. ಈ ಮಾತಿಗೆ ಅಳು ಬರಲಿಲ್ಲ. ನನ್ನ ಅಪ್ಪ-ಅಮ್ಮ ಹಾಳಾದ ಸಾಮಾನು ಸಾಗಹಾಕಿದವರು, ನಾನು ಆ ಸಾಮಾನು. ನಾನು ಹೇಳಿದರೆ ಅವರು ನಂಬುವವರಲ್ಲ. ನನ್ನನ್ನು ಬಿಟ್ಟರೆ ಸತ್ಯ ಗೊತ್ತಿರುವ ಮನುಷ್ಯ ಒಬ್ಬನೇ, ಅವನಿಗೆ ಅವನ ಅಮ್ಮನ ಬಿಪಿಯ ಚಿಂತೆ. ನನಗೆ ಬೇಕಾದದ್ದು ಕ್ಷಮೆ ಅಲ್ಲ. ಊರಿನ ಮಾತ್ರೆಯಿಂದ ಆಯಿತು, ನಾನು ಡಾಕ್ಟರಿಗೆ ಹೇಳಲಿಲ್ಲ ಎಂದು ಆ ಬಾಯಿಂದ ಎರಡು ವಾಕ್ಯ.

ಸರ್ಜನ್ ಎರಡು ಬಗೆಯ ಕವಾಟದ ವಿಷಯ ಹೇಳಿದರು. ಲೋಹದ್ದಾದರೆ ಬಾಳಿಕೆ ಹೆಚ್ಚು, ಆದರೆ ಜೀವಮಾನವಿಡೀ ರಕ್ತ ತೆಳುವಾಗಿಸುವ ಮಾತ್ರೆ, ಆ ಮಾತ್ರೆಯ ಜೊತೆ ಬಸುರು ತಾಯಿಗೂ ಮಗುವಿಗೂ ಅಪಾಯ. ಪ್ರಾಣಿಯ ಅಂಗಾಂಶದ್ದಾದರೆ ಬಸುರು ಅಷ್ಟು ಕಷ್ಟವಲ್ಲ, ಆದರೆ ನನ್ನ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ, ಮತ್ತೆ ಎದೆ ಸೀಳಬೇಕು. ಊರಿನಲ್ಲಿ ಸಭೆ ಸೇರಿತು. ಅತ್ತೆಗೆ ಎರಡನೆಯದೇ ಆಗಬೇಕು. ನನ್ನ ಅಣ್ಣನೂ, ಸಂಸಾರ ಉಳಿಯಬೇಕಲ್ಲ ಎಂದ. ಸಂತೋಷ್, "ನೀನೇ ಹೇಳು, ನಿನ್ನ ಇಷ್ಟ" ಎಂದರು, ಆದರೆ ಹೇಳುವಾಗ ನೆಲ ನೋಡಿದರು. ಎದೆ ಯಾರದ್ದು ಎಂದು ಅವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ನಾನು ದುಬೈಗೆ ಫೋನ್ ಮಾಡಿ ಲವೀನಾ ಬಾಯಿಯನ್ನು ಕೇಳಿದೆ. ಅವರು, "ನಾನು ಹೇಳುವುದಿಲ್ಲ ಶ್ವೇತಾ. ನೀನು ಎಂತ ಹೇಳಿದ್ರೂ ಗಂಜಿ ತಗೊಂಡು ಬರ್ತೇನೆ" ಎಂದರು.

ನಾನು ಲೋಹದ್ದು ಹೇಳಿದೆ. ಇನ್ನೊಮ್ಮೆ ಆಪರೇಶನ್ ಮೇಜಿನ ಮೇಲೆ ಮಲಗುವ ಧೈರ್ಯ ನನ್ನಲ್ಲಿರಲಿಲ್ಲ, ಇನ್ನೊಮ್ಮೆ ಬಸುರಾಗುವ ಧೈರ್ಯವಂತೂ ಮೊದಲೇ ಇರಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಆ ವರ್ಷ ನನಗೆ ಸಿಕ್ಕ ಸಣ್ಣ ಉಪಕಾರಗಳಲ್ಲಿ ಅದೂ ಒಂದು. ಲವೀನಾ ಬಾಯಿ ಬಸ್ಸು ಹತ್ತಿ ಅಬುಧಾಬಿಗೆ ಗಂಜಿ ತಂದರು, ದಾರಿಯಲ್ಲಿ ಅರ್ಧ ಚೆಲ್ಲಿತ್ತು. ಆಪರೇಶನ್ ಮುಗಿದು ಮನೆಗೆ ಬಿಡುವಾಗ ಗುಣವಾಗಿದೆ ಎಂದು ನನಗೆ ಎರಡನೆಯ ಸಲ ಹೇಳಿದರು.

ಈಗ ಬದುಕು ಹೀಗಿದೆ. ದಿನವೂ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ಕುಗ್ಗುತ್ತದೆಂದು ಇಷ್ಟದ ಬಸಳೆ ಸಾರೂ ಅಳತೆ ಮಾಡಿ. ಹಲ್ಲು ಇಲ್ಲೇ ತೋರಿಸುತ್ತೇನೆ, ಅದಕ್ಕೆ ಮೊದಲು ಆಂಟಿಬಯಾಟಿಕ್ ನುಂಗಬೇಕು. ಡಾಕ್ಟರೇ ಬರೆದುಕೊಡುತ್ತಾರೆ, ಹೆಚ್ಚುಕಡಿಮೆ ಅದೇ ಔಷಧ, ಬಣ್ಣ ಮಾತ್ರ ಬೇರೆ. ಮನೆ ಮೌನವಾಗಿದ್ದರೆ ನನ್ನ ಎದೆಯ ಟಿಕ್ ಟಿಕ್ ಪಕ್ಕದಲ್ಲಿ ಕುಳಿತವರಿಗೂ ಕೇಳುತ್ತದೆ. ಆಗ ಸಂತೋಷ್ ಎದ್ದು ಟಿವಿ ಹಾಕುತ್ತಾರೆ.

ಕಳೆದ ವರ್ಷ ಊರಿಂದ ಬಂದ ಯಾರದೋ ಕೈಯಲ್ಲಿ ಅತ್ತೆ ಮತ್ತೆ ಚೀಲ ಕಳಿಸಿದರು. ಅದೇ ಜಿಪ್, ಅದೇ ಕೆಂಪು-ಹಳದಿ. ಬಿಸಾಡಿ ಎಂದೆ. "ಇರಲಿ, ಅಮ್ಮನಿಗೆ ಬೇಸರ ಆಗ್ತದೆ" ಎಂದು ಸಂತೋಷ್ ಅಡುಗೆಮನೆಯ ಮೇಲಿನ ಕಪಾಟಿಗೆ ಏರಿಸಿದರು. ಅತ್ತೆ ಅಬುಧಾಬಿಗೆ ಬಂದು ಕಪಾಟು ನೋಡುವವರಲ್ಲ, ಆದರೂ.

ಒಂದು ರಜೆಯ ಬೆಳಿಗ್ಗೆ ಎದುರು ಫ್ಲಾಟಿನ ಪ್ರಜ್ವಲ್ ಬಾಗಿಲು ತಟ್ಟಿದ. ಕುಂದಾಪುರದ ಕಡೆಯವನು, ಮದುವೆಯಾಗಿ ಹೆಂಡತಿಯನ್ನು ಕರೆತಂದು ಇನ್ನೂ ಹೆಚ್ಚು ಸಮಯವಾಗಿರಲಿಲ್ಲ.

"ಸಂತೋಷಣ್ಣ, ಊರಿನ ಮಾತ್ರೆ ಉಂಟಾ? ಅಶ್ವಿನಿಗೆ ಜ್ವರ ಬಿಡ್ತಾನೇ ಇಲ್ಲ. ನಮ್ಮದು ಖಾಲಿ ಆಯ್ತು."

ನಾನು ಮೇಜಿನ ಬಳಿ ಬೀನ್ಸ್ ಹೆಚ್ಚುತ್ತಿದ್ದೆ. ಸಂತೋಷ್ ಅಭ್ಯಾಸಬಲದಿಂದ ಎದ್ದು ಅಡುಗೆಮನೆಗೆ ಹೋದರು. ಕಪಾಟಿನ ಬಾಗಿಲು ತೆರೆದ ಸದ್ದು ಕೇಳಿತು. ನಾನು ಬಾಯಿ ತೆರೆಯಲೇ ಇಲ್ಲ. ಇವರು ಏನು ಮಾಡುತ್ತಾರೋ ನೋಡಿಯೇಬಿಡೋಣ ಎಂದು ಕುಳಿತೆ. ಕೊಟ್ಟಿದ್ದರೆ ಅವತ್ತೇ ಊರಿಗೆ ಟಿಕೆಟ್ ಮಾಡುತ್ತಿದ್ದೆ, ಇದು ಸುಮ್ಮನೆ ಹೇಳುವ ಮಾತಲ್ಲ.

ಕಪಾಟು ಮುಚ್ಚಿದ ಸದ್ದಾಯಿತು. ಬರಿಗೈಯಲ್ಲಿ ಬಂದವರು ಕಾರಿನ ಕೀ ತೆಗೆದುಕೊಂಡರು.

"ಅವಳನ್ನು ಕರ್ಕೊಂಡು ಬಾ, ಆಸ್ಪತ್ರೆಗೆ ಹೋಗುವ. ಯಲ್ಲಾ, ಬೇಗ."

ಬಾಗಿಲು ತೆರೆದೇ ಇತ್ತು. ಲಿಫ್ಟಿನ ಎದುರು ಅವರು ಪ್ರಜ್ವಲ್‌ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಡಾಕ್ಟ್ರು ಕೇಳಿದ್ರೆ ಮಾತ್ರೆ ತಗೊಂಡಿದ್ದೇವೆ ಅಂತ ಹೇಳು. ಊರಿನದ್ದು ಅಂತ ಬಿಡ್ಬೇಡ, ಸ್ಟ್ರಿಪ್ ಇದ್ರೆ ತೋರಿಸು. ನಾನು ಹೇಳ್ಲಿಲ್ಲ. ಎರಡು ಸಲ ಕೇಳಿದ್ರು, ಎರಡು ಸಲವೂ ಇಲ್ಲ ಅಂದೆ. ಶ್ವೇತನ ಹಾರ್ಟ್ ಹಾಳಾದದ್ದು ಹಾಗೆ. ಮಗುವೂ ಹಾಗೇ ಹೋಯ್ತು."

ಲಿಫ್ಟ್ ಬಂತು, ಹೋದರು. ಇಷ್ಟು ವರ್ಷ ನಾನು ಕಾದು ಕುಳಿತ ಮಾತು ಎದುರು ಮನೆಯ ಹುಡುಗನಿಗೆ ಪುಕ್ಕಟೆ ಸಿಕ್ಕಿತು. ನಾನು ಉಳಿದ ಬೀನ್ಸ್ ಹೆಚ್ಚಿ ಮುಗಿಸಿದೆ.

ಅಶ್ವಿನಿಗೆ ಆದದ್ದು ಮೂತ್ರದ ಸೋಂಕು, ವಾರದಲ್ಲಿ ಸರಿಯಾದಳು. ಸಂತೋಷ್ ಮನೆಗೆ ಬಂದು ಶೂ ಬಿಚ್ಚುವಾಗ ನಾನು, "ಕೇಳಿಸಿತು" ಎಂದೆ. ಅವರು ಇನ್ನೊಂದು ಶೂವಿನ ಲೇಸಿಗೆ ಕೈ ಹಾಕಿದರು.

"ಅತ್ತೆಗೂ ಅದನ್ನೇ ಹೇಳಿ. ಅಷ್ಟೇ ಸಾಕು. ನನಗೆ ಹೇಳುವುದು ಬೇಡ."

"ಹೇಳ್ತೇನೆ" ಎಂದರು.

ಆ ಮಾತಿಗೆ ಈಗ ಹತ್ತಿರ ಹತ್ತಿರ ಒಂದು ವರ್ಷ. ಪ್ರತಿ ಶನಿವಾರ ಸಂತೋಷ್‌ಗೆ ಅತ್ತೆಯ ಫೋನ್ ಬರುತ್ತದೆ. ಬಿಸಿಲು, ನೆಂಟರ ಮದುವೆ, ಅವರ ಬಿಪಿ, ಎಲ್ಲ ಮಾತಾಡುತ್ತಾರೆ. ನಾನು ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಕೇಳುತ್ತ ನಿಂತಿರುತ್ತೇನೆ.